ಕಿಟಕಿಯ ಕೆಳಗಿನ ಬೆಂಚು

"ಒಂದು, ಎರಡು, ಮೂರು," ಎಂದು ಎಣಿಸಿದ ಪಕ್ಕದ ಮನೆಯ ಪ್ಲಂಬರ್, ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ತೋಳಿಗೆ ತಂದುಕೊಂಡು ಬೆಂಚನ್ನು ಎತ್ತಿದ. ಬೆಂಚು ಹಗುರವಾಗಿ ಮೇಲೆದ್ದು ಕಿಟಕಿಯ ಚೌಕಟ್ಟಿಗೆ ಢಬ್ಬೆಂದು ಬಡಿಯಿತು. ಪ್ಲಂಬರ್ ಹಿಂದಕ್ಕೆ ಮುಗ್ಗರಿಸಿ ಗೋಡೆಗೆ ಒರಗಿ ಕೂತುಬಿಟ್ಟ. ಇನ್ನೊಂದು ತುದಿ ಹಿಡಿದಿದ್ದ ಮೂಲೆ ಅಂಗಡಿಯವನು ಹೇಗೋ ಸಾವರಿಸಿಕೊಂಡ. ಸಾವಿನ ಮನೆ ಎಂಬುದು ನೆನಪಿದ್ದದ್ದರಿಂದ ಯಾರೂ ನಗಲಿಲ್ಲ.

"ಇದೇನ್ರೀ ಇದು, ಖಾಲಿ ಡಬ್ಬ ಇದ್ದಂಗಿದೆ," ಎಂದ ಪ್ಲಂಬರ್. "ಇದ್ರೊಳಗೆ ಆರುನೂರು ಪುಸ್ತಕ ಇದೆ, ನಾಲ್ಕು ಜನ ಬೇಕು ಅಂತಿದ್ರು ಬೈಂಡರು."

ನಡುವೆ ನಿಂತಿದ್ದ ಬೈಂಡರನ ತಮ್ಮ ಮಾತ್ರ ಮುಗ್ಗರಿಸಿರಲಿಲ್ಲ. ಅವನು ಒಂದೇ ಕೈ ಹಾಕಿದ್ದ. "ಮಾತು ಆಮೇಲೆ. ಆಸ್ಪತ್ರೆಯಿಂದ ಗಾಡಿ ಬರೋ ಹೊತ್ತಾಯ್ತು, ಮೊದ್ಲು ಜಾಗ ಮಾಡ್ರಪ್ಪ," ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಟೈಲರಮ್ಮ ಎಲ್ಲವನ್ನೂ ನೋಡಿದಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಹಾಗೆಯೇ. ಗಂಡ ಬೈಂಡರು, ಹೆಂಡತಿ ಟೈಲರಮ್ಮ, ಇಬ್ಬರದೂ ಸೂಜಿದಾರದ ಕೆಲಸ. ಬೆಂಚು ಜಗುಲಿಗೆ ಹೋದ ಮೇಲೆ ಕಿಟಕಿಯ ಕೆಳಗೆ, ಬಣ್ಣ ಮಾಸದ ಉದ್ದನೆಯ ಒಂದು ಚೌಕ ನೆಲದ ಮೇಲೆ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅಲ್ಲಿಗೆ ಬಿಸಿಲು ಬಿತ್ತು. ಅರ್ಧ ಗಂಟೆಯಲ್ಲಿ ಬೈಂಡರನನ್ನು ತಂದು ಅದೇ ಬಿಸಿಲಿನಲ್ಲಿ ಮಲಗಿಸಿದರು.

ಅವಳು ಪಕ್ಕದಲ್ಲಿ ಕೂತು ಅವನ ಬೆರಳುಗಳನ್ನು ನೋಡಿದಳು. ಉಗುರಿನ ಅಂಚಿನ ಗೋಂದಿನ ಕಲೆ ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಅಳು ಬರಬೇಕಾಗಿತ್ತು. ಬೆಂಚು ಯಾಕೆ ಹಗುರವಾಯಿತು ಎಂಬ ಪ್ರಶ್ನೆ ಅಳುವಿಗೆ ಅಡ್ಡ ನಿಂತಿತ್ತು.

*

ಈ ಎರಡು ಕೋಣೆಯ ಮನೆಗೆ ಬಂದ ಮೊದಲ ತಿಂಗಳಲ್ಲೇ ಬೈಂಡರ್ ಆ ಬೆಂಚನ್ನು ಮಾಡಿಸಿದ್ದ. ಮುದ್ರಣಾಲಯದಲ್ಲಿ ಪುಟ ತಪ್ಪಿದ, ಮೂಲೆ ಹರಿದ ಪ್ರತಿಗಳನ್ನು ರದ್ದಿಗೆ ಎಸೆಯುತ್ತಿದ್ದರು. ಅವನು ಅವನ್ನು ಕೇಳಿ ಪಡೆದು, ಮನೆಯಲ್ಲಿ ಬಿಚ್ಚಿ, ಸರಿಯಾಗಿ ಹೊಲಿದು, ಹೊಸ ರಟ್ಟು ಹಾಕುತ್ತಿದ್ದ. ಇಡಲು ಜಾಗವಿರಲಿಲ್ಲ. ಆದ್ದರಿಂದ ಕೂತರೆ ಬೆಂಚು, ಹಲಗೆ ಎತ್ತಿದರೆ ಕಪಾಟು. ಬಡಗಿ ಬೀಗ ಹಾಕುವ ಕೊಂಡಿ ಇಟ್ಟುಕೊಟ್ಟ. ಟೈಲರಮ್ಮನಿಗೂ ಆಗ ಖುಷಿಯೇ ಆಗಿತ್ತು. ಬಂದವರಿಗೆಲ್ಲ ಹಲಗೆ ಎತ್ತಿ ತೋರಿಸಿದ್ದಳು.

ಹೊಲಿಗೆ ಮೆಷಿನ್ ಬಂದ ದಿನ ತಕರಾರು ಶುರುವಾಯಿತು. ಮನೆಗೆ ಇದ್ದದ್ದು ಒಂದೇ ಕಿಟಕಿ.

"ಬೆಂಚು ಆ ಕಡೆ ಗೋಡೆಗೆ ಹಾಕೋಣಾರೀ. ಮೆಷಿನ್ ಕಿಟಕಿ ಹತ್ರ ಇರ್ಲಿ."

"ಆ ಗೋಡೆ ತೇವ ಕಣೇ. ಪುಸ್ತಕ ಬೂಸ್ಟು ಹಿಡಿಯುತ್ತೆ."

ಮೆಷಿನ್ ಅಡುಗೆಮನೆಯ ಬಾಗಿಲ ಹಿಂದೆ, ಬಲ್ಬಿನ ಕೆಳಗೆ ಹೋಯಿತು. ಮಗಳು ಶಾಲೆಗೆ ಸೇರಿದ ವರ್ಷ, ಸಮವಸ್ತ್ರದ ಕೆಲಸ ರಾಶಿ ಬಿದ್ದಾಗ, ಅವಳು ಎರಡನೆಯ ಸಲ ಕೇಳಿದಳು. ಮೂರನೆಯ ಸಲ ಕೇಳಿದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ ದಿನ.

"ಹಗಲು ಬೆಳಕಲ್ಲಿ ಕೂತು ಹೊಲೀಬೇಕಂತೆ. ಇಲ್ದಿದ್ರೆ ಇರೋ ಕಣ್ಣೂ ಹೋಗುತ್ತಂತೆ."

ಅವನು ರೇಗಲಿಲ್ಲ. ರೇಗಿದ್ದರೆ ಜಗಳವಾಡಬಹುದಿತ್ತು. ಬೆಂಚಿನ ಮೇಲೆ ಅಂಗೈಯಾಡಿಸುತ್ತ, "ಇದು ಅಲ್ಲಾಡೋ ಸಾಮಾನಲ್ಲ ಕಣೇ. ಒಳಗೆ ಆರುನೂರು ಪುಸ್ತಕ ಇದೆ. ಬೇಕಿದ್ರೆ ದೊಡ್ಡ ಬಲ್ಬು ತರ್ತೀನಿ," ಎಂದ. ತಂದ ಕೂಡ. ಅಲ್ಲಿಂದಾಚೆಗೆ ಅವಳು ಆ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಜಪ್ಪಯ್ಯ ಎಂದರೂ ಅಲ್ಲಾಡದ ಬೆಂಚಿನ ಜೊತೆ ಹೆಣಗುವುದಕ್ಕಿಂತ ಬಲ್ಬಿನ ಜೊತೆ ಹೊಂದಿಕೊಳ್ಳುವುದು ಸುಲಭವಾಗಿತ್ತು. ದಿನಾ ಬೆಳಿಗ್ಗೆ ಬೆಂಚು ಒರೆಸಿದಳು. ಅದರ ಮೇಲೆ ನೀರಿನ ಲೋಟ ಇಟ್ಟ ಮೊಮ್ಮಗಳನ್ನು ಗದರಿಸಿದಳು. ತನ್ನದಲ್ಲದ ಪುಸ್ತಕಗಳನ್ನು ತನ್ನವೇ ಎಂಬಂತೆ ಕಾದಳು.

*

ಹನ್ನೊಂದು ಗಂಟೆಯ ಹೊತ್ತಿಗೆ ಯಾರಿಗೂ ಪರಿಚಯವಿಲ್ಲದ ಒಬ್ಬ ಹೆಂಗಸು ದೊಡ್ಡ ಹೂವಿನ ಹಾರ ಹಿಡಿದು ಬಂದಳು. ಹಿಂದೆ ಆರೇಳು ಹುಡುಗಿಯರಿದ್ದರು. ಹಾರವಿಟ್ಟು, ಟೈಲರಮ್ಮನ ಎರಡೂ ಕೈ ಹಿಡಿದುಕೊಂಡಳು.

"ನಾನು ಹುಡುಗೀರ ಹಾಸ್ಟೆಲ್ ವಾರ್ಡನ್ ಅಮ್ಮ. ನಿಮ್ಮ ಯಜಮಾನ್ರ ಥರದವರನ್ನ ನಾನು ನೋಡಿಲ್ಲ. ಅಷ್ಟೂ ಪುಸ್ತಕ ನಮ್ಮ ಮಕ್ಕಳಿಗೆ ಕೊಟ್ಬಿಟ್ರು. ಒಂದೊಂದಕ್ಕೂ ತಾವೇ ರಟ್ಟು ಹಾಕಿ, ನಂಬರ್ ಬರೆದು."

ಮೂಲೆ ಅಂಗಡಿಯವನು, "ನೋಡಿ, ದೊಡ್ಡ ಮನುಷ್ಯ. ಒಂದು ಮಾತು ಹೇಳ್ಕೊಂಡಿಲ್ಲ," ಎಂದು ಕಣ್ಣೊರೆಸಿಕೊಂಡ. ಮಗಳು ಅಚ್ಚರಿಯಿಂದ ತಾಯಿಯ ಕಡೆ ನೋಡಿದಳು.

"ಯಾವಾಗ ಕೊಟ್ಟಿದ್ದು?" ಎಂದು ಕೇಳಿದಳು ಟೈಲರಮ್ಮ.

"ಹನ್ನೊಂದು ವರ್ಷ ಆಯ್ತಲ್ಲ. ನಿಮಗೆ ಗೊತ್ತಿರ್ಬೇಕು. ನೀವೇ ಕೊಡಿ ಅಂದ್ರಿ ಅಂತ ಅವರು ಹೇಳಿದ್ರು."

"ನಾನು ಅಂದೆನಾ?"

"ಹೌದಮ್ಮ. ಮತ್ತೆ ಎಷ್ಟು ಕಾಳಜಿ ಅಂತೀರಿ. ನಾವು ಮೊದ್ಲು ಒಳಗಿನ ರೂಮು ತೋರಿಸಿದ್ವಿ, ಅವರು ಒಪ್ಪಲೇ ಇಲ್ಲ. ದೊಡ್ಡ ಕಿಟಕಿ ಇರೋ ರೂಮೇ ಆಗ್ಬೇಕು, ಹೆಣ್ಮಕ್ಕಳ ಕಣ್ಣು ಹಾಳಾಗ್ಬಾರ್ದು ಅಂತ ಹಠ ಹಿಡಿದ್ರು."

ಟೈಲರಮ್ಮ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಹುಡುಗಿಯರಲ್ಲಿ ಒಬ್ಬಳು ಬಿಕ್ಕುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಸಿಟ್ಟು ಬಂದದ್ದು ಬಿಸಿಲಿನಲ್ಲಿ ಮಲಗಿದ್ದವನ ಮೇಲೆ. ಅವನ ಮುಖದಲ್ಲಿ ಏನೂ ಇರಲಿಲ್ಲ, ಎಂದಿನಂತೆ ಶಾಂತವಾಗಿತ್ತು. ಬದುಕಿದ್ದಾಗಲೂ ಆ ಮುಖವನ್ನು ನೋಡಿಯೇ ಅವಳು ಎಲ್ಲವನ್ನೂ ನಂಬಿದ್ದಳು.

*

ಹನ್ನೊಂದು ವರ್ಷದ ಹಿಂದೆ ಅವಳು ಮಗಳ ಹೆರಿಗೆಗೆಂದು ಹೋಗಿ ಮೂರು ತಿಂಗಳು ಅಲ್ಲೇ ಉಳಿದಿದ್ದಳು. ತಿರುಗಿ ಬಂದ ಮರುದಿನ ಬೆಳಿಗ್ಗೆ ನೋಡಿದರೆ, ಮೆಷಿನ್ನಿನ ಸೂಜಿಗೆ ದಾರ ಪೋಣಿಸಿತ್ತು.

"ನೀವಾ ಹಾಕಿದ್ದು?"

"ನಿಂಗೆ ಕಾಣಲ್ವಲ್ಲ. ಇನ್ಮೇಲೆ ನಾನೇ ಹಾಕ್ತೀನಿ ಬಿಡು."

ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಎದ್ದು, ಮುಖ ತೊಳೆದು, ಮೊದಲು ಅವಳ ಸೂಜಿಗೆ ದಾರ ಹಾಕಿ, ಆಮೇಲೆ ಬೆಂಚಿನ ಮೇಲೆ ಕೂತು ಪುಸ್ತಕ ಹಿಡಿಯುತ್ತಿದ್ದ. ಮುದಿಗಾಲದಲ್ಲಿ ಇವನಿಗೆ ಬುದ್ಧಿ ಬಂತಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಪ್ಲಂಬರನ ಹೆಂಡತಿಗೆ ಹೇಳಿಕೊಂಡೂ ಇದ್ದಳು. ಆಗಾಗ ಅವನು, "ಒಂದು ಚೂರು ಬಟ್ಟೆ ಇದ್ರೆ ಕೊಡೇ, ಪುಸ್ತಕಕ್ಕೆ ಅಂಗಿ ಹಾಕ್ಬೇಕು," ಎನ್ನುತ್ತಿದ್ದ. ಅವಳು ಮಿಕ್ಕ ಬಟ್ಟೆಯಲ್ಲಿ ಚೆನ್ನಾಗಿರುವುದನ್ನೇ ಹುಡುಕಿ ಕೊಡುತ್ತಿದ್ದಳು. ವಾರದೊಳಗೆ ಅವನ ಕೈಯಲ್ಲಿ ಹೊಸ ಬಣ್ಣದ ಪುಸ್ತಕ ಇರುತ್ತಿತ್ತು.

"ಇದು ಬೇರೆದಾ?"

"ಹ್ಞೂಂ. ಅಡಿಯಲ್ಲಿತ್ತು, ಇವತ್ತು ತೆಗೆದೆ."

ಅವಳು ಬಟ್ಟೆಯ ಮಡಿಕೆ ನೇರವಾಗಿದೆಯೇ ಎಂದು ನೋಡುತ್ತಿದ್ದಳು. ಒಳಗಿನ ಪುಟ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

*

ಸ್ಮಶಾನದಿಂದ ಹಿಂತಿರುಗಿದಾಗ ಮೂರೂವರೆ. ಬಂದವರು ಒಬ್ಬೊಬ್ಬರಾಗಿ ಹೊರಟರು. ಮಗಳು ಚಹಾಕ್ಕಿಟ್ಟಳು. ಟೈಲರಮ್ಮ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಿಂದ ಕೈಗಡಿಯಾರ ತೆಗೆದಿಟ್ಟಳು, ಕನ್ನಡಕ ತೆಗೆದಿಟ್ಟಳು, ತಳದಲ್ಲಿದ್ದ ಕೀಲಿಕೈ ಹಿಡಿದು ಜಗುಲಿಗೆ ಹೋಗಿ ಬೆಂಚಿನ ಬೀಗ ತೆಗೆದಳು.

ಒಳಗೆ ಎರಡು ಪುಸ್ತಕಗಳಿದ್ದವು. ಒಂದು ಮೂಲೆಯಲ್ಲಿ ಅವು ಬಿಚ್ಚಿಟ್ಟ ಅಂಗಿಗಳನ್ನು ಅಚ್ಚುಕಟ್ಟಾಗಿ ಪೇರಿಸಿತ್ತು. ಅವಳು ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಶಾಲೆಯ ಸಮವಸ್ತ್ರದ ನೀಲಿ. ವೈದ್ಯರ ಮನೆಯ ಪರದೆಯ ಹೂವು. ಮೊಮ್ಮಗಳ ಫ್ರಾಕಿನಲ್ಲಿ ಮಿಕ್ಕ ಹಳದಿ. ಪ್ರತಿಯೊಂದು ಚೂರೂ ಯಾವ ಬಟ್ಟೆಯಿಂದ ಬಂತೆಂದು ಅವಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ನಲವತ್ತಕ್ಕೂ ಹೆಚ್ಚಿದ್ದವು. ಎರಡೇ ಪುಸ್ತಕಗಳಿಗೆ ಸರದಿಯ ಮೇಲೆ ಅಂಗಿ ತೊಡಿಸಿ, ಅವಳದೇ ಬಟ್ಟೆಯಲ್ಲಿ ಅವಳ ಕಣ್ಣಿಗೆ ಮಣ್ಣೆರಚಿದ್ದ. ಸುಮ್ಮನೆ ಮರೆಮಾಚಿದ್ದರೆ ಒಂದು ಮಾತು. ಇದಕ್ಕೆ ಅವನು ಕೂತು ಅಳತೆ ತೆಗೆದಿದ್ದ, ಗೋಂದು ಕಲಸಿದ್ದ.

ಮೈದುನ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ನಿಂಗೆ ಗೊತ್ತಿತ್ತು," ಎಂದಳು.

"ಏನು ಅತ್ತಿಗೆ?"

"ಅವರಿಬ್ರೂ ಸೊಂಟ ಬಗ್ಗಿಸಿ ಎತ್ತಿದ್ರು. ನೀನು ಒಂದೇ ಕೈ ಹಾಕಿದ್ದೆ."

ಅವನು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕುಳಿತ.

"ಗಾಡಿ ತಂದು ಸಾಗಿಸಿದ್ದು ನಾನೇ ಅತ್ತಿಗೆ. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ."

"ಯಾಕೆ ಕೊಟ್ರು?"

"ಓದಿದ್ದಾಯ್ತು, ಪೆಟ್ಟಿಗೇಲಿ ಕೊಳೆಯೋದು ಬೇಡ ಅಂದ."

"ಅದು ಸರಿ. ಕಿಟಕಿ ಯಾಕೆ ನಂಗೆ ಬಿಡ್ಲಿಲ್ಲ?"

"ನಾನೂ ಕೇಳ್ದೆ. ತಾನಾಗೇ ಹೇಳೋಕೆ ಬಾಯಿ ಬರ್ತಿಲ್ಲ ಅಂದ. ಇಷ್ಟು ವರ್ಷ ಆಗಲ್ಲ ಅಂದು ಈಗ ಹೆಂಗೆ ಹೇಳ್ಲಿ ಅಂತ." ಮೈದುನ ತಲೆ ತಗ್ಗಿಸಿದ. "ಅವಳು ಇನ್ನೊಂದ್ಸಲ ಕೇಳ್ಲಿ, ತಕ್ಷಣ ಬಿಟ್ಕೊಡ್ತೀನಿ ಅಂತಿದ್ದ. ನೀವು ಕೇಳ್ಲೇ ಇಲ್ಲ."

"ಮೂರು ಸಲ ಕೇಳಿದ್ದೆ."

"ಗೊತ್ತು ಅತ್ತಿಗೆ."

"ಹನ್ನೊಂದು ವರ್ಷ ನಾನು ಕೇಳ್ಲಿ ಅಂತ ಕಾದ್ರಾ? ಆ ಬಾಗಿಲ ಹಿಂದೆ ನಾನು ತಡಕಾಡೋದು ನೋಡ್ಕೊಂಡು, ಆ ಕಿಟಕಿ ಕೆಳಗೆ ಕೂತು ಪುಸ್ತಕ ಓದ್ತಿದ್ರಾ?"

ಅವಳಿಗೆ ನೆನಪಾದದ್ದು ದಿನಾ ಬೆಳಗಿನ ದಾರ. ಅದನ್ನು ಪ್ರೀತಿ ಎಂದುಕೊಂಡಿದ್ದಳು. ಅದು ಕಿಟಕಿಗೆ ಕೊಟ್ಟ ಬಾಡಿಗೆಯಾಗಿತ್ತು. ಬೆಳಗಿನಿಂದ ಬಾರದ ಅಳು ಈಗ ಬಂತು. ಅದು ಸತ್ತವನಿಗಾಗಿ ಬಂದ ಅಳುವಲ್ಲ ಎಂಬುದು ಅವಳಿಗೂ ಮೈದುನನಿಗೂ ಗೊತ್ತಿತ್ತು. ಮಗಳು ಚಹಾದ ಲೋಟ ತಂದು ಅವಳ ಪಕ್ಕದಲ್ಲಿಟ್ಟಳು.

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಮೆಷಿನ್ ಕಿಟಕಿ ಕೆಳಗೆ ತಂದಿಡು," ಎಂದಳು ಮೈದುನನಿಗೆ.

"ಇವತ್ತೇ ಬೇಕಾ ಅಮ್ಮ?" ಎಂದಳು ಮಗಳು.

"ಇವತ್ತೇ."

ಬೆಂಚಿಗಿಂತ ಮೆಷಿನ್ನೇ ಭಾರವಾಗಿತ್ತು. ಮೈದುನ ಮತ್ತು ಮಗಳು ಸೇರಿ ಎಳೆದರು. ಅಡುಗೆಮನೆಯ ಬಾಗಿಲು ದಾಟಿಸುವಾಗ ದಾರ ಚಿಲಕಕ್ಕೆ ಸಿಕ್ಕಿಕೊಂಡಿತು. ಮೊನ್ನೆ ಬೆಳಿಗ್ಗೆ, ಬಚ್ಚಲಲ್ಲಿ ಬೀಳುವುದಕ್ಕೆ ಅರ್ಧ ಗಂಟೆ ಮೊದಲು, ಅವನು ಪೋಣಿಸಿದ್ದ ದಾರ ಅದು. ಟೈಲರಮ್ಮ ನೋಡಿದಳು, ನಿಲ್ಲಿಸಿ ಎನ್ನಲಿಲ್ಲ. ದಾರ ತುಂಡಾಗಿ ಸೂಜಿಯಿಂದ ಜಾರಿಹೋಯಿತು.

ಕಿಟಕಿಯ ಕೆಳಗೆ, ಬಣ್ಣ ಮಾಸದ ಆ ಚೌಕದ ಮೇಲೆ ಮೆಷಿನ್ ನಿಂತಿತು. ಅವಳು ಕುರ್ಚಿ ಎಳೆದು ಕೂತಳು. ನಾಲ್ಕು ಗಂಟೆಯ ಬೆಳಕು ಸೂಜಿಯ ಮೇಲೆ, ಅವಳ ಎರಡೂ ಕೈಗಳ ಮೇಲೆ ಬಿದ್ದಿತ್ತು. ಕನ್ನಡಕ ಸರಿಮಾಡಿಕೊಂಡು ದಾರದ ತುದಿಯನ್ನು ನಾಲಿಗೆಗೆ ಒತ್ತಿ, ಸೂಜಿಯ ಕಣ್ಣಿನತ್ತ ತಂದಳು. ದಾರ ಸೂಜಿಯ ಬಲಕ್ಕೆ ಹೋಯಿತು. ಇನ್ನೊಂದು ಸಲ ತಂದಳು. ಎಡಕ್ಕೆ ಹೋಯಿತು.

"ಕೊಡಮ್ಮ, ನಾನು ಹಾಕ್ತೀನಿ," ಎಂದಳು ಮಗಳು.

"ಬೇಡ. ಬೆಳಕಿದೆ," ಎಂದು ಟೈಲರಮ್ಮ ದಾರದ ತುದಿಯನ್ನು ಮತ್ತೆ ನಾಲಿಗೆಗೆ ಒತ್ತಿದಳು.