ವಾಸನೆ ನಿಂತ ಮೇಲೆ

“ನಿನ್ನ ತಮ್ಮ ಕುಡ್ದು ಕುಡ್ದು ಸತ್ತ. ಗ್ಯಾಸು ಗ್ಯಾಸು ಅಂತ ಬಾಯಿ ಬಡ್ಕೋಬೇಡ ಕಣೇ, ಮುಂಡೆ.”

ಸೂಪರ್‌ವೈಸರ್ ಇದನ್ನು ಎಲ್ಲರೆದುರಿಗೇ ಅಂದ. ನಾವು ಹೆಂಗಸರು ಸಾಲಾಗಿ ನಿಂತು, ಯಂತ್ರದಿಂದ ಹರಿದು ಬರುವ ಬಿಳಿ ತಿರುಳಿನ ಹಾಳೆಯಿಂದ ತೊಗಟೆಯ ಚೂರು ಹೆಕ್ಕುತ್ತಿದ್ದೆವು. ಆಚೆ ಅಂಗಳದಲ್ಲಿ ಗಟ್ಟಿಮರದ ದಿಮ್ಮಿ ಚಕ್ಕೆಯಾಗಿ, ಚಕ್ಕೆ ಬೆಂದು ಕಂದು ಗಂಜಿಯಾಗಿ, ಆ ಗಂಜಿ ಬಿಳಿ ಮಾಡುವ ಗೋಪುರ ದಾಟಿ ನಮ್ಮ ಕೈಗೆ ಬರುತ್ತದೆ. ಇಲ್ಲಿಂದ ಹೋಗಿ ನೂಲಾಗಿ, ಯಾರದೋ ಮೈಮೇಲೆ ರೇಷ್ಮೆಯ ಹಾಗೆ ಜಾರುತ್ತದಂತೆ. ನಾವಂತೂ ಉಟ್ಟು ನೋಡಿಲ್ಲ.

ತಮ್ಮ ಕುಡಿಯುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಆದರೆ ಗ್ಯಾಸು ಸೋರಿದ ದಿನ ಕುಡಿದಿರಲಿಲ್ಲ. ನಾನು ಕೊಟ್ಟ ಚಹಾ ಕುಡಿದು, ಸಕ್ಕರೆ ಹಾಕೋಕೆ ಕೈ ಬರಲ್ವಾ ಅಕ್ಕ ಎಂದು ಛೇಡಿಸಿ ಹೋಗಿದ್ದ.

ಮೊದಲು ಇಲ್ಲಿ ತಿರುಳು ಬಿಳಿ ಮಾಡಲು ಕ್ಲೋರಿನ್ ಇತ್ತು. ಅದು ಸೋರಿದರೆ ಕಣ್ಣು ಉರಿದು ಗಂಟಲು ಕಟ್ಟುತ್ತಿತ್ತು. ಒದ್ದೆ ಬಟ್ಟೆ ಮೂಗಿಗೆ ಹಿಡಿದು ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದೆವು. ವಾಸನೆ ನಿಂತ ಮೇಲೆ ಮತ್ತೆ ಒಳಗೆ ಹೋಗುವುದು. ಹಳಬರು ಕಲಿಸಿದ್ದು ಅಷ್ಟೇ, ನಮಗೆ ಗೊತ್ತಿದ್ದದ್ದೂ ಅಷ್ಟೇ. ಆಮೇಲೆ ಕ್ಲೋರಿನ್ ತೆಗೆದು ಓಝೋನ್ ತಂದರು. ಹೊಳೆಗೆ ಒಳ್ಳೆಯದು ಎಂದರು. ಒಳ್ಳೆಯದೇ ಇರಬೇಕು, ಮೀನುಗಳು ವಾಪಸು ಬಂದಿವೆ. ವಿಷವೇ ಇಲ್ಲದ ಕಾರ್ಖಾನೆಯಲ್ಲಿ ಮಾಸ್ಕ್ ಯಾಕೆ ಎಂದು ಗೋಪುರದವರಿಗೆ ಕೊಟ್ಟಿದ್ದವನ್ನೂ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಈ ಹೊಸ ಗ್ಯಾಸು ಸಿಡಿಲು ಹೊಡೆದ ಮೇಲಿನ ಗಾಳಿಯ ಹಾಗೆ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಸತ್ತು ಆ ವಾಸನೆಯೂ ಗೊತ್ತಾಗುವುದಿಲ್ಲ. ಗ್ಯಾಸು ಮಾತ್ರ ಅಲ್ಲೇ ಇರುತ್ತದೆ. ಇದನ್ನು ನಮಗೆ ಯಾರೂ ಹೇಳಲಿಲ್ಲ. ಗೋಪುರದ ಕೋಣೆಯಲ್ಲಿ ಕೊಳವೆ ಸೋರಿದಾಗ ತಮ್ಮ ಬಾಗಿಲ ತನಕ ಬಂದು ನಿಂತ. ವಾಸನೆ ಹೋಯ್ತು ಎಂದು ಕೂಗಿ ಹೇಳಿ, ವಾಲ್ವ್ ತಿರುಗಿಸಲು ಮತ್ತೆ ಒಳಗೆ ಹೋದ. ಸಂಜೆಗೆ ಎದೆಯಲ್ಲಿ ನೀರು ತುಂಬಿ ಗೊರಗೊರ ಅನ್ನತೊಡಗಿದ. ನಾನು ಬೆನ್ನು ನೀವುತ್ತ ಕೂತೆ, ನನ್ನ ಕೈಲಾದದ್ದು ಅಷ್ಟೇ. ಬೆಳಗಾಗುವ ಮೊದಲು ನನ್ನ ತೊಡೆಯ ಮೇಲೇ ಸುಮ್ಮನಾದ.

ಅವನ ಜಾಗಕ್ಕೆ ಈಗ ನನ್ನ ಗಂಡನನ್ನು ಹಾಕಿದ್ದಾರೆ. ಸೋರಿದ ಕೊಳವೆಗೆ ಚಿಂದಿ ಸುತ್ತಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಅವರಿಗೊಂದು ಮಾಸ್ಕ್ ಕೊಡಿ ಎಂದು ಕೇಳಿದ್ದಕ್ಕೇ ಆ ಬೈಗುಳ. ಗಂಡ ಬದುಕಿರುವಾಗಲೇ ಮುಂಡೆ ಅಂದ, ಬೋಳಿಮಗ.

ಆ ಮಧ್ಯಾಹ್ನ ಬಟ್ಟೆ ಕಂಪನಿಯವರು ಕಾರ್ಖಾನೆ ನೋಡಲು ಬಂದರು. ಕೆಮ್ಮುವವರನ್ನೆಲ್ಲ ದಿಮ್ಮಿಯ ಅಂಗಳಕ್ಕೆ ಅಟ್ಟಿದ್ದರು. ಬೀರುವಿನ ಬೀಗ ತೆಗೆದಿತ್ತು. ಬಂದವರೆಲ್ಲರ ಮುಖಕ್ಕೂ ಮಾಸ್ಕ್. ಸೂಪರ್‌ವೈಸರನಿಗೂ ಒಂದಿತ್ತು. ಮಾತಾಡಲೆಂದು ಅದನ್ನು ಕತ್ತಿಗೆ ಇಳಿಸಿಕೊಂಡು, ನಮ್ಮಲ್ಲಿ ವಿಷದ ಹನಿಯೂ ಇಲ್ಲ ಎಂದು ಅವರಿಗೆ ವಿವರಿಸುತ್ತಿದ್ದ.

ಹಾಳೆ ಬಿಟ್ಟು ನಡೆದೆ. ಅವನ ಕತ್ತಿನಿಂದ ಮಾಸ್ಕ್ ಎಳೆದುಕೊಂಡು ಗೋಪುರದ ಕೋಣೆಗೆ ನುಗ್ಗಿದೆ. ಗಂಡ ಕೆಮ್ಮು ನುಂಗಿಕೊಂಡು ವಾಲ್ವಿನ ಪಕ್ಕ ನಿಂತಿದ್ದರು.

“ಏನೇ ಇದು? ಕೆಲಸ ಹೋಗುತ್ತೆ.”

“ಹೋಗ್ಲಿ. ನೀವು ಇರಿ,” ಎಂದು ಮಾಸ್ಕನ್ನು ಅವರ ಮುಖಕ್ಕೆ ಹಾಕಿ ಪಟ್ಟಿ ಬಿಗಿದೆ.

ಅಟ್ಟಿಸಿಕೊಂಡು ಬಂದ ಸೂಪರ್‌ವೈಸರ್ ಬಾಗಿಲಲ್ಲೇ ನಿಂತ. ಅಂಗೈಯಿಂದ ಮೂಗು ಮುಚ್ಚಿಕೊಂಡಿದ್ದ. ಅವನ ಹಿಂದೆ ಬಟ್ಟೆ ಕಂಪನಿಯವರೂ ನಿಂತು ನೋಡುತ್ತಿದ್ದರು.

“ಏನೂ ಇಲ್ವಲ್ಲ ಸಾರ್,” ಅಂದೆ. “ಬನ್ನಿ, ಒಳಗೆ ಬನ್ನಿ.”

ಬರಲಿಲ್ಲ. ಅವನು ಎಲ್ಲರೆದುರು ಒಳಗೆ ಕಾಲಿಡುವ ತನಕ ನಾನೂ ಕದಲುವುದಿಲ್ಲ ಎಂದು ನೆಲದ ಮೇಲೆ ಕೂತೆ. ಗಂಡ ಮಾಸ್ಕಿನ ಒಳಗಿಂದ ಏನೋ ಕೂಗುತ್ತ ನನ್ನ ತೋಳು ಹಿಡಿದು ಎಳೆಯುತ್ತಿದ್ದರು. ಒಳಗೆ ಬಂದಾಗ ಸಿಡಿಲಿನ ವಾಸನೆ ಮೂಗಿಗೆ ಬಡಿದಿತ್ತು. ಈಗ ಏನೂ ಬರುತ್ತಿರಲಿಲ್ಲ.