ಮಾತಾಡುವ ಕಮೋಡು

ಹತ್ಸುಯೆಗೆ ಆ ದಿನ ಬೇಕಾಗಿದ್ದುದು ಒಂದೇ ಒಂದು ದೂರು. ಮಧ್ಯಾಹ್ನ ಹನ್ನೆರಡರೊಳಗೆ ಪರೀಕ್ಷೆಗೆ ಬಂದವರಲ್ಲಿ ಯಾರಾದರೂ "ಇದು ಚೆನ್ನಾಗಿಲ್ಲ" ಎಂದು ಬರೆಸದಿದ್ದರೆ ಕಂಪನಿಯ ಮಾತಾಡುವ ಕಮೋಡು ಕಾರ್ಖಾನೆಗೆ ಹೋಗುತ್ತಿತ್ತು. ಅವಳು ವರ್ಷವಿಡೀ ಕೂತು ಮಾಡಿದ, ಮುಟ್ಟಿದರೇ ತಿಳಿಯುವ ಮೂರೇ ಉಬ್ಬುಗುಂಡಿಗಳ ಕಮೋಡಿನ ಫಲಕ ಮೂಲೆ ಸೇರುತ್ತಿತ್ತು. ಅವಳೇ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ಮಾತಾಡುವ ಕಮೋಡು, ವಿಭಾಗದ ಮುಖ್ಯಸ್ಥ ನಿಶಿಗಾಕಿಯವರ ಕೂಸು.

ಕಣ್ಣು ಕಾಣದವರಿಗೆಂದೇ ಮಾಡಿದ ಅದರಲ್ಲಿ ಮೂವತ್ತೆಂಟು ನುಣುಪು ಗುಂಡಿಗಳಿದ್ದವು. ಕೂತರೆ ಸ್ವಾಗತಿಸುತ್ತಿತ್ತು. ಗುಂಡಿ ಮುಟ್ಟಿದರೆ "ಈಗ ಹಿಂಭಾಗ ತೊಳೆಯಲಾಗುವುದು" ಎಂದು ಸಾರುತ್ತಿತ್ತು. ಒಳಗಿನದು ಹೊರಗೆ ಕೇಳಿಸಿದರೆ ಮಾನ ಉಳಿಯುವುದುಂಟೆ? ಅದಕ್ಕೆ ನಿಶಿಗಾಕಿ ಜಲಪಾತದ ಸದ್ದು ಸೇರಿಸಿದರು. ಮಾತು ಮುಳುಗಿತು. ಮಾತು ಏರಿಸಿದರು. ಮತ್ತೆ ಹೊರಗೆ ಕೇಳಿಸಿತು. ಜಲಪಾತ ಏರಿಸಿದರು. ಏರುತ್ತ ಏರುತ್ತ, ನೆರೆ ಬಂದ ಹೊಳೆಯಲ್ಲಿ ಪೊಲೀಸನೊಬ್ಬ ಧ್ವನಿವರ್ಧಕ ಹಿಡಿದು ಕೂಗಿದಂತಾಗಿತ್ತು.

ಹನ್ನೊಂದು ಜನ ಪರೀಕ್ಷಿಸಿದ್ದರು. ಎಲ್ಲರೂ ಸಿಹಿಯ ಪೊಟ್ಟಣವನ್ನು ಎರಡು ಕೈಯಲ್ಲಿ ಪಡೆದು, "ಬಹಳ ಅನುಕೂಲ" ಎಂದು ಬರೆಸಿ ಹೋಗಿದ್ದರು.

ಕೊನೆಯವರು ಮುನಾಕಾತಾ ಅಜ್ಜಿ. ಹುಟ್ಟಿನಿಂದ ಕಣ್ಣು ಕಾಣದವರು, ಕ್ಯೋತೋದ ಹಳೇ ಕೇರಿಯವರು. ಅವರು ಒಳಗಿದ್ದಷ್ಟು ಹೊತ್ತೂ ಕಚೇರಿಯವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಂತಿದ್ದರು. ಹೊರಬಂದಾಗ ಅಜ್ಜಿಯ ತುರುಬು ಒಂದು ಕಡೆಗೆ ವಾಲಿತ್ತು.

"ಹೇಗಿತ್ತು ಅಜ್ಜಿ?" ಎಂದಳು ಹತ್ಸುಯೆ.

"ಎಂಥಾ ಗಟ್ಟಿ ಕಂಠ ಅಂತೀನಿ."

"ಬರ್ಕೋ, ಕಂಠ ಚೆನ್ನಾಗಿದೆ," ಎಂದರು ನಿಶಿಗಾಕಿ.

"ಇಂಥದ್ದೊಂದು ನಿಮ್ಮನೇಲಿದ್ರೆ?" ಎಂದು ಕೇಳಿದಳು ಹತ್ಸುಯೆ.

"ನಮ್ದು ಇಷ್ಟಗಲದ ಗೂಡು ಕಣಮ್ಮ. ಇಷ್ಟು ಘನವಾದ್ದು ನಮ್ಮಂಥೋರಿಗೆ ಎಲ್ಲಿ ಒಪ್ಪುತ್ತೆ."

ಬೇಡ ಎನ್ನುವುದನ್ನೂ ಹೊಗಳಿಕೆಯಲ್ಲೇ ಹೇಳುವ ಕ್ಯೋತೋದಲ್ಲೇ ಹುಟ್ಟಿದ ಹತ್ಸುಯೆಗೆ ಅರ್ಥವಾಯಿತು: ಇದನ್ನು ನಮ್ಮ ಹೊಸಿಲಿಗೂ ತರಬೇಡಿ. ಟೋಕಿಯೋದ ನಿಶಿಗಾಕಿಗೆ ಅದು ಬರೀ ವಿನಯ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು.

"ಸಾರ್," ಎಂದಳು ಅವಳು ತಣ್ಣಗೆ, "ಅಜ್ಜಿಗೆ ಅಷ್ಟು ಹಿಡಿಸಿದೆ. ಕಂಪನಿಯಿಂದ್ಲೇ ಒಂದು ಉಡುಗೊರೆ ಕೊಟ್ಬಿಡೋಣ್ವಾ? ಸೋಮವಾರ ಹೋಗಿ ಕೂರಿಸ್ಕೊಟ್ರಾಯ್ತು."

"ಒಳ್ಳೇ ಮಾತು. ಪತ್ರಿಕೆಯೋರ್ನೂ ಕರೆಯೋಣ."

ಅಜ್ಜಿಯ ನಗು ಹೆಪ್ಪುಗಟ್ಟಿತು. "ಸೋಮವಾರ ನಾನು ಮನೇಲಿರಲ್ಲ."

"ಮಂಗಳವಾರ?" ಎಂದರು ನಿಶಿಗಾಕಿ.

"ಮಂಗಳವಾರಾನೂ ಇರಲ್ಲ."

"ಬುಧವಾರ?"

"ಅಷ್ಟೊತ್ತಿಗೆ ಸತ್ತಿರ್ತೀನಿ ಅನ್ಸುತ್ತೆ."

"ಪರ್ವಾಗಿಲ್ಲ ಬಿಡಿ, ಪಕ್ಕದ ಮನೇಲಿ ಬೀಗದ ಕೈ ಕೊಟ್ಟಿರಿ."

ಅಜ್ಜಿ ಕೋಲು ಕುಟ್ಟಿದರು. "ಪಕ್ಕದ ಮನೆ ಅಂದ್ಯಲ್ಲಪ್ಪ, ಅವ್ರ ಊಟದ ಮೇಜಿಗೂ ನಮ್ಮ ಕಕ್ಕಸಿಗೂ ಮಧ್ಯೆ ಒಂದು ತೆಳ್ಳನೆ ಗೋಡೆ. ನಾನೇನು ತೊಳ್ಕೋತಿದೀನಿ ಅಂತ ಅವ್ರಿಗ್ಯಾಕೆ ಡಂಗುರ? ನಂಗೆ ಕಣ್ಣು ಕಾಣಲ್ಲ ನಿಜ, ಹಿಂಭಾಗ ಎಲ್ಲಿದೆ ಅಂತ ಗೊತ್ತು. ಗೊತ್ತಾಗ್ಬೇಕಿದ್ದಿದ್ದು ನೀರು ಬಿಡೋ ಗುಂಡಿ. ಅದೊಂದನ್ನ ಮಾತ್ರ ಆ ಮಹಾರಾಯ ಹೇಳ್ಲಿಲ್ಲ."

ನಿಶಿಗಾಕಿ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ... ನೀರು?"

"ಬಿಟ್ಟಿಲ್ಲ."

ಹತ್ಸುಯೆ ಒಂದಕ್ಷರ ಬಿಡದೆ ಬರೆದು, ಸಹಿಗೆ ಬದಲಾಗಿ ಅಜ್ಜಿಯ ಮುದ್ರೆ ಒತ್ತಿಸಿಕೊಂಡಳು. ನಿಶಿಗಾಕಿ ಎರಡು ಸಲ ಓದಿ, ಅಜ್ಜಿಗೆ ಸೊಂಟ ಮಡಚಿ ವಂದಿಸಿ, ಅಂಗಿಯ ತೋಳು ಮೇಲೇರಿಸಿ ನೀರು ಬಿಡಲು ತಾವೇ ಒಳಗೆ ಹೋದರು. ಜಲಪಾತ ಮೊರೆಯಿತು. ಐದು ನಿಮಿಷ ಕಳೆದ ಮೇಲೆ ಬಾಗಿಲು ಅರೆ ತೆರೆಯಿತು; ಅವರ ಅಂಗಿ ಒದ್ದೆಯಾಗಿತ್ತು.

"ಹತ್ಸುಯೆ, ಕಾರ್ಖಾನೆಗೆ ನಿನ್ನ ಫಲಕಾನೇ ಕಳ್ಸು," ಎಂದರು. "ಆಮೇಲೆ, ಇಲ್ಲಿ ಯಾವ್ದು ಒತ್ತಬೇಕು ಅಂತ ಸ್ವಲ್ಪ ಬಂದು ಹೇಳು."