ಸೂರ್ಯ ಮುಳುಗುವ ಮೊದಲಿನ ಮಾತ್ರೆ

"ನಿನ್ನ ಅಮ್ಮ ದೀಕ್ಷೆ ತಗೊಂಡ್ರಂತಲ್ಲ ಮಾರಾಯ್ತಿ, ನನಗೆ ಒಂದು ಮಾತು ಹೇಳ್ಬಾರ್ದಾ?"

ಮೂಡಬಿದಿರೆಯಿಂದ ಹೊರಟ ಬಸ್ಸು ಇನ್ನೂ ಪೇಟೆ ದಾಟಿರಲಿಲ್ಲ. ಕಂಬಿ ಹಿಡಿದು ನಿಂತಿದ್ದ ಸಾಧನಾ ಪಕ್ಕದ ಮನೆಯ ಗೆಳತಿಯ ಮುಖವನ್ನೇ ನೋಡಿದಳು. ವಿಸ್ಮಿತಾ ತಮಾಷೆ ಮಾಡುತ್ತಿರಲಿಲ್ಲ. ಶೀತದಿಂದ ಕೆಂಪಾದ ಮೂಗನ್ನು ಕರವಸ್ತ್ರದಲ್ಲಿ ಒತ್ತಿಕೊಂಡು ಗಂಭೀರವಾಗಿಯೇ ಕೇಳಿದ್ದಳು.

"ಯಾರು ಹೇಳಿದ್ದು?"

"ನಮ್ಮ ಅಮ್ಮ. ಬೆಳಿಗ್ಗೆ ನಿಮ್ಮ ಜಗಲಿಯಲ್ಲಿ ನೋಡಿದ್ರಂತೆ. ತಲೆ ಬೋಳು, ಬಿಳಿ ಸೀರೆ. ಕೈಯಲ್ಲಿ ನವಿಲುಗರಿ ಕೂಡ ಇತ್ತಂತೆ. ಇನ್ನೆಂಥ ಬೇಕು?"

ಸಾಧನಾ ಫಕ್ಕನೆ ನಕ್ಕುಬಿಟ್ಟಳು. ಬೆಳಿಗ್ಗೆ ಕರೆಂಟು ಹೋಗಿತ್ತು. ಸೆಕೆ ತಾಳಲಾರದೆ ಅಮ್ಮ ಶೋಕೇಸಿನಲ್ಲಿದ್ದ ನವಿಲುಗರಿಯ ಬೀಸಣಿಗೆ ತೆಗೆದು ಗಾಳಿ ಹಾಕಿಕೊಂಡಿದ್ದರು. ಬಿಳಿ ಸೀರೆ ಹಳೆಯ ವಾಯಿಲ್, ಒಣಗಿದ ಚರ್ಮಕ್ಕೆ ಅದೊಂದೇ ಹಿತ. ಇನ್ನು ತಲೆ: ಕೂದಲು ಹಿಡಿಹಿಡಿಯಾಗಿ ದಿಂಬಿಗೆ ಉದುರತೊಡಗಿದಾಗ, "ಇದರ ಜೊತೆ ದಿನಾ ಜಗಳ ಯಾಕೆ" ಎಂದು ಅಮ್ಮ ಮಗಳ ಕೈಯಿಂದಲೇ ಟ್ರಿಮ್ಮರ್ ಹಾಕಿಸಿಕೊಂಡಿದ್ದರು. ಆದರೆ ಬಸದಿಗಳ ಊರಿನಲ್ಲಿ ಬೋಳು ತಲೆ, ಬಿಳಿ ಸೀರೆ, ನವಿಲುಗರಿ ಈ ಮೂರೂ ಒಟ್ಟಿಗೆ ಕಂಡರೆ ಯಾರಾದರೂ ಜೈನ ಸಂನ್ಯಾಸಿನಿ ಎಂದೇ ಕೈಮುಗಿಯುತ್ತಾರೆ.

ನಗು ಅರ್ಧಕ್ಕೇ ನಿಂತಿತು. ಅಮ್ಮ ಅನಂತಮತಿಗೆ ಸ್ತನದ ಕ್ಯಾನ್ಸರ್ ಎಂಬುದು, ಎರಡು ಕೀಮೋ ಮುಗಿದಿದೆ ಎಂಬುದು, ಮಸ್ಕತ್ತಿನಲ್ಲಿರುವ ಅಪ್ಪನನ್ನು ಬಿಟ್ಟರೆ ಯಾರಿಗೂ ತಿಳಿಯದು. "ಗೊತ್ತಾದ್ರೆ ಯಾರೂ ಮಾತಾಡ್ಲಿಕ್ಕೆ ಬರುವುದಿಲ್ಲ, ಪಾಪ ಹೇಳ್ಲಿಕ್ಕೆ ಬರ್ತಾರೆ" ಎಂದು ಅಮ್ಮ ಆಣೆ ಹಾಕಿಸಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೋಗುವ ದಿನ ಟ್ಯಾಕ್ಸಿ ಕತ್ತಲಲ್ಲೇ ಬಂದು, ಹಿತ್ತಿಲ ದಾರಿಯಲ್ಲಿ ನಿಲ್ಲುತ್ತಿತ್ತು.

ಸಾಧನಾಳಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಕೀಮೋ ಆದ ಮೇಲಿನ ದಿನಗಳಲ್ಲಿ ಅಮ್ಮನ ವಾಂತಿ ನಿಲ್ಲುತ್ತಿರಲಿಲ್ಲ. ತೂಕ ಇಳಿಯುತ್ತಿತ್ತು. ಹೀಗೇ ಇಳಿದರೆ ಮುಂದಿನ ಕೀಮೋ ಮುಂದೂಡಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಆಗ ಅಮ್ಮ ಕಿಟಕಿಯ ಹೊರಗೆ ನೋಡಿದ್ದರು.

"ನಮ್ಮ ಅಮ್ಮ ಈಗ ನಿಮ್ಮಲ್ಲಿಗೇ ಹೊರಟಿರ್ಬೇಕು," ಎಂದಳು ವಿಸ್ಮಿತಾ. "ಆಶೀರ್ವಾದ ತಗೊಳ್ಳಿಕ್ಕೆ."

ತೋಡಾರಿನಲ್ಲಿ ಇಳಿದವರೇ ಇಬ್ಬರೂ ಓಡಿದರು. ಗೇಟಿನ ಹತ್ತಿರ ಸಾಧನಾ ತಟ್ಟನೆ ತಿರುಗಿದಳು. "ನೀನು ಒಳಗೆ ಬರ್ಬೇಡ. ನಿನಗೆ ಶೀತ ಉಂಟು. ಯಾಕೆ ಅಂತ ಮತ್ತೆ ಹೇಳ್ತೇನೆ."

ಜಗಲಿಯಲ್ಲಿ ವಿಸ್ಮಿತಾಳ ಅಮ್ಮ ಶಶಿಪ್ರಭಾ ರೇಷ್ಮೆಯ ಪಟ್ಟೆ ಸೀರೆ ಉಟ್ಟು, ಹರಿವಾಣದಲ್ಲಿ ತೆಂಗಿನಕಾಯಿ, ಮಲ್ಲಿಗೆ ಇಟ್ಟುಕೊಂಡು ನಿಂತಿದ್ದರು. ಅನಂತಮತಿ ಗೋಡೆಗೆ ಒತ್ತಿಕೊಂಡಿದ್ದರು. ಸಾಧನಾ ಮೆಟ್ಟಿಲು ಹತ್ತುವಷ್ಟರಲ್ಲಿ ಶಶಿಪ್ರಭಾ ಹರಿವಾಣ ಕೆಳಗಿಟ್ಟು ಬಾಗಿಯೇಬಿಟ್ಟರು.

ಸುಮ್ಮನೆ ಕೈ ಎತ್ತಿದ್ದರೆ ಸಾಕಿತ್ತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅನಂತಮತಿಯ ಕೈ ಅರ್ಧ ಎದ್ದದ್ದೂ ಹೌದು. ಆದರೆ ತನಗೆ ಸಲ್ಲದ ನಮಸ್ಕಾರವನ್ನು ಪಡೆಯಲು ಆ ಜೀವಕ್ಕೆ ಮನಸ್ಸು ಬರಲಿಲ್ಲ. ಅವರು ಎರಡೂ ಕಾಲುಗಳನ್ನು ಹಿಂದಕ್ಕೆಳೆದುಕೊಂಡರು.

"ಏಳಿ ಶಶಿ, ಏಳಿ. ನಾನು ಮಾತಾಜಿ ಅಲ್ಲ. ನನಗೆ ಕ್ಯಾನ್ಸರ್. ಕೀಮೋದಲ್ಲಿ ಕೂದಲು ಹೋದದ್ದು."

ಶಶಿಪ್ರಭಾ ಮೊಣಕಾಲೂರಿದಲ್ಲಿಯೇ ಕುಳಿತರು. ಅವರ ಕಣ್ಣು ತುಂಬಿತು. ಅನಂತಮತಿ ಹೆದರಿದ್ದು ಇದಕ್ಕೇ. ಆದರೆ ಶಶಿಪ್ರಭಾ ಮೂಗೊರೆಸಿಕೊಂಡು ಹೇಳಿದ್ದು ಬೇರೆಯೇ.

"ನೀವು ಮೊದಲೇ ಹೇಳಿದ್ರೆ ಈ ಸೆಕೆಗೆ ನಾನು ಪಟ್ಟೆ ಸೀರೆ ಉಡ್ಬೇಕಂತ ಇರ್ಲಿಲ್ಲ ಅಕ್ಕ."

ಮೊದಲು ನಕ್ಕವರು ಅನಂತಮತಿ. ತಿಂಗಳಿಂದ ಕೇಳದ ನಗು ಅದು. ಗೇಟಿನಿಂದ ವಿಸ್ಮಿತಾ, "ಎಂಥ ಆಯ್ತು? ನನಗೂ ಹೇಳಿ," ಎಂದು ಕೂಗಿದಳು.

ಶಶಿಪ್ರಭಾ ಸೋಪು ಹಾಕಿ ಕೈ ತೊಳೆದು ಬಂದು ಕುಳಿತರು. ನಾದಿನಿಯ ಕೀಮೋ ಸಮಯದಲ್ಲಿ ಆಸ್ಪತ್ರೆಯಲ್ಲಿ ಜೊತೆಗಿದ್ದವರು ಅವರೇ. "ಬಾಯಿ ಎಂಥ ರುಚಿ?"

"ಕಬ್ಬಿಣ ನೆಕ್ಕಿದ ಹಾಗೆ."

"ಅವಳಿಗೂ ಹಾಗೇ. ಮರದ ಚಮಚದಲ್ಲಿ ಉಣ್ಣಿ. ಗಂಜಿ ಆರಲಿ, ಬಿಸಿಯ ವಾಸನೆಗೇ ಹೊಟ್ಟೆ ತೊಳೆಸ್ತದೆ. ಬಾಯಲ್ಲಿ ಹುಣ್ಣು ಇಲ್ಲದಿದ್ರೆ ಪುನರ್ಪುಳಿಯ ಹುಳಿ ಶರಬತ್ತು ಕುಡಿದು ನೋಡಿ, ಹುಣ್ಣಿದ್ರೆ ಉರೀತದೆ. ಹೊಟ್ಟೆ ತುಂಬ ಒಂದೇ ಸಲ ಬೇಡ, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ವಾಂತಿಯ ಮಾತ್ರೆ ಕೊಟ್ಟಿದ್ದಾರಲ್ಲ?"

"ಬೆಳಿಗ್ಗೆದು ತಗೊಳ್ತೇನೆ."

"ರಾತ್ರಿದು?"

ಅನಂತಮತಿ ಬೀಸಣಿಗೆ ಕೆಳಗಿಟ್ಟರು. ಸಾಧನಾ ಅಮ್ಮನ ಮುಖ ನೋಡಿದಳು. ರಾತ್ರಿ ದಿನವೂ ಮಾತ್ರೆ, ನೀರು ಮಂಚದ ಬದಿ ಇಟ್ಟು ಬರುತ್ತಿದ್ದವಳು ಅವಳೇ; ಬೆಳಿಗ್ಗೆ ಮಾತ್ರೆ ಅಲ್ಲಿ ಇರುತ್ತಿರಲಿಲ್ಲ.

"ಸೂರ್ಯ ಮುಳುಗಿದ ಮೇಲೆ ನಾನು ನೀರೂ ಮುಟ್ಟುವುದಿಲ್ಲ. ಮದುವೆಗೆ ಮೊದಲೇ ಹಿಡಿದ ವ್ರತ. ಡಾಕ್ಟ್ರಿಗೆ ಹೇಳಿದ್ರೆ ಬಿಡಿ ಅಂತಾರೆ. ಹಾಗೆ ಹೇಳ್ಲಿಲ್ಲ."

"ಅಮ್ಮಾ, ವ್ರತ ಊಟಕ್ಕೆ ಮಾತ್ರ, ಮದ್ದಿಗೆ ಅಲ್ಲ ಅಂತ ಎಣಿಸಿದ್ದೆ. ಹಾಗಾದ್ರೆ ಇಷ್ಟು ದಿನ ವಾಂತಿ..."

"ಬೈಬೇಡ ಮಗಾ. ದೇಹ ಹೇಗೂ ಕೈಬಿಟ್ಟಿತು. ಇದೊಂದಾದ್ರೂ ನನ್ನ ಕೈಯಲ್ಲಿ ಇರಲಿ ಅಂತ."

ಶಶಿಪ್ರಭಾ ಹತ್ತಿರ ಸರಿದು, "ನಿಮ್ಮ ವ್ರತಕ್ಕೆ ನಾನು ಬೇಡ ಹೇಳುವುದಿಲ್ಲ ಅಕ್ಕ. ಆದ್ರೆ ಡಾಕ್ಟ್ರ ಉತ್ತರ ಕೂಡ ನೀವೇ ಹೇಳಿಕೊಂಡ್ರೆ ಹೇಗೆ? ಒಮ್ಮೆ ಕೇಳುವ," ಎಂದರು.

ಸಾಧನಾ ಆಸ್ಪತ್ರೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಕೀಮೋ ವಾರ್ಡಿನ ಸಿಸ್ಟರ್ ಫರ್ಹಾನ ಎಲ್ಲ ಕೇಳಿಸಿಕೊಂಡು, ಡಾಕ್ಟರನ್ನು ವಿಚಾರಿಸಿ ಮತ್ತೆ ಲೈನಿಗೆ ಬಂದರು.

"ಅಮ್ಮ, ಇದನ್ನು ಮೊದಲೇ ಹೇಳ್ಬಾರ್ದಿತ್ತಾ? ನಮ್ಮಲ್ಲಿ ಉಪವಾಸದ ತಿಂಗಳಲ್ಲಿ ಎಷ್ಟು ಜನ ಬಂದು ಕೇಳ್ತಾರೆ. ರಾತ್ರಿಯ ಮಾತ್ರೆ ಇವತ್ತು ಸಂಜೆ ಆರಕ್ಕೇ ತಗೊಳ್ಳಬಹುದಂತೆ. ನಿದ್ದೆ ಬೇಗ ಬರಬಹುದು, ಅಷ್ಟೆ. ಉಳಿದ ಮಾತ್ರೆಗಳನ್ನು ನಾಳೆ ಡಾಕ್ಟ್ರು ನೋಡಿ ಹೊತ್ತು ಸರಿಮಾಡಿ ಕೊಡ್ತಾರೆ, ನೀವಾಗಿ ಬದಲಾಯಿಸ್ಬೇಡಿ. ಆದ್ರೆ ಒಂದಕ್ಕೆ ಮಾತ್ರ ಹೊತ್ತು ಇಲ್ಲ. ಜ್ವರ ನೂರು ಪಾಯಿಂಟ್ ನಾಲ್ಕು ತೋರಿಸಿದ್ರೆ ಮನೆ ಮಾತ್ರೆ ನುಂಗಿ ಮಲಗ್ಬಾರ್ದು. ಎಷ್ಟು ಹೊತ್ತಿಗಾದ್ರೂ ಫೋನು ಮಾಡಿ ಕೂಡಲೇ ಬರ್ಬೇಕು. ಕೀಮೋದಲ್ಲಿ ರಕ್ತದ ಶಕ್ತಿ ಇಳಿದಿರ್ತದೆ."

ಅನಂತಮತಿ ಅಂಗಳದ ಬಿಸಿಲಿನತ್ತ ನೋಡಿದರು.

"ಆಯ್ತು ಸಿಸ್ಟರ್. ಜ್ವರ ಬಂದ್ರೆ ನಾನು ಸೂರ್ಯನನ್ನು ಕಾಯುವುದಿಲ್ಲ."

ಆರು ಗಂಟೆಗೆ ಆರಿದ ಗಂಜಿ, ಮರದ ಚಮಚ, ಮಾತ್ರೆ ಜಗಲಿಗೇ ಬಂದವು. ಅಮ್ಮ ಎರಡು ಚಮಚ ಉಂಡು, ನಿಲ್ಲಿಸಿ, ಮತ್ತೆರಡು ಉಂಡರು. ಗೇಟಿನಾಚೆ ವಿಸ್ಮಿತಾ ಒಂದು ಸೀನು ಸೀನಿದಳು.

"ನೀನು ಶೀತ ಹೋಗುವವರೆಗೆ ಅಲ್ಲೇ ಇರು," ಎಂದು ಮಗಳಿಗೆ ಕೂಗಿ ಹೇಳಿದ ಶಶಿಪ್ರಭಾ, ಅನಂತಮತಿಯ ಕಡೆ ತಿರುಗಿದರು. "ನಾಳೆ ಆಸ್ಪತ್ರೆಗೆ ನನ್ನ ಕಾರಲ್ಲೇ ಹೋಗುವ. ಕತ್ತಲಲ್ಲಿ ಟ್ಯಾಕ್ಸಿಯ ಶಬ್ದ ಯಾಕೆಂತ ಈಗ ಗೊತ್ತಾಯ್ತು. ಹಿತ್ತಿಲ ದಾರಿಗೆ ತರ್ಬೇಕಾ?"

"ಬೇಡ. ಈ ಗೇಟಿಗೇ ತನ್ನಿ. ಮಾಸ್ಕ್ ಹಾಕಿಕೊಳ್ತೇನೆ. ತಲೆಗೆ ಶಾಲು ಬೇಡ, ಸೆಕೆ."

"ಆ ಬೀಸಣಿಗೆ ಮಾತ್ರ ಮನೆಯಲ್ಲಿ ಬಿಡಿ ಅಕ್ಕ. ದಾರಿಯಲ್ಲಿ ಯಾರಾದ್ರೂ ಕಾಲಿಗೆ ಬಿದ್ರೆ?"

"ಬೀಳ್ಲಿ. ಅವರಿಗೂ ಹೇಳ್ತೇನೆ." ಅನಂತಮತಿ ಬೀಸಣಿಗೆ ಎತ್ತಿಕೊಂಡು ಗಾಳಿ ಹಾಕಿಕೊಂಡರು. "ಎಂಟು ಗಂಟೆಗೆ ರಸ್ತೆ ಬದಿಯಲ್ಲೇ ನಿಂತಿರ್ತೇನೆ. ನೀವು ತಡ ಮಾಡ್ಬೇಡಿ."